ನ್ಯೂಟ್ರಾನ್ ನಕ್ಷತ್ರದ ಲೆಕ್ಕ: ನಿಖರತೆ ಎಲ್ಲಿ ಸೋರುತ್ತದೆ?

ಪುಣೆಯ ಪಾಷಾಣ್ ಬಡಾವಣೆಯ ನಮ್ಮ ಮನೆಗೆ ಭಾನುವಾರ ಧಾರವಾಡ, ಬೆಳಗಾವಿ ಕಡೆಯ ಎಂಎಸ್ಸಿ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ನ್ಯೂಟ್ರಾನ್ ನಕ್ಷತ್ರದ (ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ಅತಿ ದಟ್ಟ ಉಂಡೆಯ) ತೂಕ, ತ್ರಿಜ್ಯ ಲೆಕ್ಕ ಹಾಕುವ ಕೋಡ್ ಬರೆದಿರುತ್ತಾರೆ. ಉತ್ತರ ಅಲುಗಾಡಿದರೆ ಎಲ್ಲರೂ ಸ್ಟೆಪ್, ಅಂದರೆ ಕೇಂದ್ರದಿಂದ ಹೊರಗೆ ಲೆಕ್ಕ ಹಾಕುತ್ತ ಇಡುವ ಒಂದೊಂದು ಹೆಜ್ಜೆ, ಚಿಕ್ಕದು ಮಾಡುತ್ತಾರೆ. ಅದು ಕೊನೆಗಿರಲಿ ಎನ್ನುತ್ತೇನೆ ನಾನು.

ಮೊದಲು ಉತ್ತರ ಗೊತ್ತಿರುವ ನಕ್ಷತ್ರವೊಂದನ್ನು ಕಟ್ಟಿ. ಜಿ (ಗುರುತ್ವ ಸ್ಥಿರಾಂಕ), ಸಿ (ಬೆಳಕಿನ ವೇಗ), ಸೂರ್ಯನ ತೂಕ ಮೂರನ್ನೂ 1 ಎಂದಿಟ್ಟುಕೊಳ್ಳಿ. ಒತ್ತಡ ಎಂದರೆ ಸಾಂದ್ರತೆಯ ವರ್ಗದ 100 ಪಟ್ಟು. ಕೇಂದ್ರದ ಸಾಂದ್ರತೆ 0.00128. ಶಕ್ತಿ ಸಾಂದ್ರತೆಗೆ ಒತ್ತಡವನ್ನೂ ಕೂಡಿಸಬೇಕು, ಮರೆಯಬೇಡಿ. ತೂಕ 1.40 ಸೂರ್ಯ, ತ್ರಿಜ್ಯ ಸುಮಾರು 14.15 ಕಿ.ಮೀ. ಬರಬೇಕು. ಬರದಿದ್ದರೆ ಅಲ್ಲೇ ನಿಲ್ಲಿ.

ಕೇಂದ್ರದಲ್ಲಿ ಸೊನ್ನೆಯಿಂದ ಭಾಗಿಸುವ ತೊಂದರೆ ಇದೆ. ಪುಟ್ಟ ತ್ರಿಜ್ಯದಿಂದ ಶುರು ಮಾಡಿ, ಆದರೆ ಅಲ್ಲಿನ ಒತ್ತಡವನ್ನು ಶ್ರೇಣಿಯ (ತ್ರಿಜ್ಯದ ಘಾತಗಳನ್ನು ಕೂಡಿಸುವ ಸರಣಿಯ) ಸೂತ್ರದಿಂದ ಪಡೆಯಿರಿ.

ನಿಜವಾದ ಕಾಟ ಅಂಚಿನದು. ಹೊರಗೆ ಬರುತ್ತ ಒತ್ತಡ ಸೊನ್ನೆಗೆ ಇಳಿಯುತ್ತದೆ. ಒಂದು ಸ್ಟೆಪ್ ಜಾಸ್ತಿಯಾದರೆ ಅದು ಮೈನಸ್ ಆಗುತ್ತದೆ, ಆದರೆ ನಿಜವಾದ ನಕ್ಷತ್ರಕ್ಕೆ ಸೂತ್ರದ ಬದಲು ಬಳಸುವ ಒತ್ತಡ-ಸಾಂದ್ರತೆಯ ಟೇಬಲ್‌ನಲ್ಲಿ ಮೈನಸ್ ಒತ್ತಡವೇ ಇಲ್ಲ. ಹಾಗಾಗಿ ಹುಡುಗರು ಯಾವುದೋ ಸಣ್ಣ ಒತ್ತಡದಲ್ಲಿ ಲೆಕ್ಕ ನಿಲ್ಲಿಸಿಬಿಡುತ್ತಾರೆ. ಹೊರಪದರದಲ್ಲಿ ತೂಕ ತೀರ ಕಡಿಮೆ, ಆದರೆ ದಪ್ಪ ಸುಮಾರು ಒಂದು ಕಿಲೋಮೀಟರ್. ಅಂದರೆ ತೂಕ ಸರಿ ಬಂದರೂ ತ್ರಿಜ್ಯ ತಪ್ಪಿರಬಹುದು ಅಲ್ವಾ? ಇದಕ್ಕೆ ನನಗೆ ತುಂಬಾ ಇಷ್ಟವಾದ ದಾರಿ ಭೌತವಿಜ್ಞಾನಿ ಲಿಂಡ್‌ಬ್ಲಮ್ 1992ರಲ್ಲಿ ತೋರಿಸಿದ್ದು. ತ್ರಿಜ್ಯದ ಮೇಲೆ ಹೆಜ್ಜೆ ಹಾಕುತ್ತ ನಡೆಯುವ ಬದಲು ಎಂಥಾಲ್ಪಿಯ (ಒತ್ತಡ, ಸಾಂದ್ರತೆಗಳಿಂದ ಸಿಗುವ, ಕೇಂದ್ರದಿಂದ ಅಂಚಿನವರೆಗೆ ಇಳಿಯುತ್ತ ಹೋಗುವ ಅಳತೆಯ) ಮೇಲೆ ನಡೆಯಿರಿ. ಅಂಚು ಬರುವುದು ಎಂಥಾಲ್ಪಿ ಸೊನ್ನೆಯಾದಾಗ, ಕರಾರುವಾಕ್ಕಾಗಿ. ಹುಡುಕುವ ಕೆಲಸವೇ ಉಳಿಯುವುದಿಲ್ಲ.

ಇನ್ನು ಟೇಬಲ್. ಒತ್ತಡ, ಸಾಂದ್ರತೆ ಎರಡರ ಲಾಗ್ ತೆಗೆದುಕೊಂಡೇ ನಡುವಿನ ಬೆಲೆ ಕಂಡುಹಿಡಿಯಿರಿ. ಹೊರಪದರ ಮುಗಿದು ಒಳಭಾಗ ಶುರುವಾಗುವಲ್ಲಿ ಟೇಬಲ್ ಮುರಿಯುತ್ತದೆ. ಸಾದಾ ಕ್ಯೂಬಿಕ್ ಸ್ಪ್ಲೈನ್ (ಬಿಂದುಗಳನ್ನು ಜೋಡಿಸುವ ನುಣುಪಾದ ಗೆರೆ) ಅಲ್ಲಿ ಏರಿಳಿದು, ಶಬ್ದದ ವೇಗವನ್ನು ಬೆಳಕಿಗಿಂತ ಹೆಚ್ಚೂ ಮಾಡೀತು. ಏರಿಕೆ ಕೆಡಿಸದ ಇಂಟರ್‌ಪೊಲೇಷನ್ (ನಡುವಿನ ಬೆಲೆ ಹುಡುಕುವ ವಿಧಾನ) ಬಳಸಿ. ಮುರಿದ ಜಾಗದಲ್ಲಿ ಒಂದು ಸ್ಟೆಪ್ ಸರಿಯಾಗಿ ಮುಗಿದು, ಇನ್ನೊಂದು ಶುರುವಾಗಲಿ.

ಈಗ ಸ್ಟೆಪ್‌ಗೆ ಬನ್ನಿ. ಪೂರ್ತಿ, ಅರ್ಧ, ಕಾಲು ಸ್ಟೆಪ್‌ನಲ್ಲಿ ಮೂರು ಸಲ ಓಡಿಸಿ. ಹೆಜ್ಜೆ ಹಾಕುವ ವಿಧಾನ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ಆದರೆ, ಮೊದಲೆರಡು ಉತ್ತರಗಳ ವ್ಯತ್ಯಾಸ ಕೊನೆಯೆರಡರ ವ್ಯತ್ಯಾಸದ ಸುಮಾರು 16 ಪಟ್ಟು ಇರಬೇಕು. ಎರಡೋ ನಾಲ್ಕೋ ಪಟ್ಟು ಬಂದರೆ ಟೇಬಲ್ ಅಥವಾ ಅಂಚು ಇನ್ನೂ ಸೋರುತ್ತಿದೆ. ಆಗ ಸ್ಟೆಪ್ ಎಷ್ಟು ಚಿಕ್ಕದಾಗಿಸಿದರೂ ಸುಮ್ನೆ ಕಂಪ್ಯೂಟರ್ ಬಿಸಿಯಾಗುತ್ತದೆ.

2017ರ ಜಿಡಬ್ಲ್ಯೂ170817 ಅಲೆಗಳ (ಎರಡು ನ್ಯೂಟ್ರಾನ್ ನಕ್ಷತ್ರಗಳು ಸೇರಿದಾಗ ಬಂದ ಗುರುತ್ವ ಅಲೆಗಳ) ನಂತರ ಲವ್ ಸಂಖ್ಯೆಯೂ (ಜೊತೆಗಾರನ ಸೆಳೆತಕ್ಕೆ ನಕ್ಷತ್ರದ ಆಕಾರ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಎಲ್ಲರಿಗೂ ಬೇಕು. ಅದರ ಸೂತ್ರದಲ್ಲಿ ದೊಡ್ಡ ಪದಗಳು ಒಂದನ್ನೊಂದು ಕಳೆದುಕೊಂಡು, ತೂಕ-ತ್ರಿಜ್ಯದ ಅನುಪಾತದ (ಜಿ, ಸಿ ಎರಡೂ 1 ಎಂದಿಟ್ಟಾಗಿನದು) ಐದನೇ ಘಾತದಷ್ಟೇ ಉಳಿಯುತ್ತದೆ. ಅನುಪಾತ 0.01 ಇದ್ದರೆ ಡಬಲ್ ಪ್ರಿಸಿಷನ್‌ನ (ಕಂಪ್ಯೂಟರ್ ಸಂಖ್ಯೆ ಇಟ್ಟುಕೊಳ್ಳುವ ಸಾಮಾನ್ಯ ರೀತಿಯ) 16 ಅಂಕಿಗಳಲ್ಲಿ ಸುಮಾರು 6 ಮಾತ್ರ ನಂಬಲರ್ಹ. ಅಲ್ಲಿ ಶ್ರೇಣಿಗೆ ಬದಲಿಸಿ. ಮೇಲಿನ ಒತ್ತಡದ ನಿಯಮಕ್ಕೆ ಅನುಪಾತ ಸೊನ್ನೆಯತ್ತ ಹೋದಂತೆ ಲವ್ ಸಂಖ್ಯೆ 0.26ರ ಹತ್ತಿರ ಬರಬೇಕು.