ಬರೆಯ ಭಯ, ಜ್ವರದ ಭಯ: ನನಗೆ ಕೊನೆಗೂ ಫಲಿಸಿದ ಕ್ರಮ

ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಕುಸಿಯುತ್ತದೆಂದು ಹೆದರುವವರಿಗೆ ಹೇಳುವ ಉಪಾಯವಾಗಲಿ, ಕಾಯಿಲೆಗೆ ಹೆದರುವವರಿಗೆ ಹೇಳುವ ಉಪಾಯವಾಗಲಿ ನನಗೆ ಹಲವು ವರ್ಷ ಕೆಲಸಕ್ಕೆ ಬರಲಿಲ್ಲ. ಎರಡೂ ಭಯಗಳು ಒಟ್ಟಿಗೆ ಇದ್ದು, ವಿರುದ್ಧ ದಿಕ್ಕಿಗೆ ಎಳೆಯುತ್ತಿದ್ದುದೇ ಅದಕ್ಕೆ ಕಾರಣ. ಮಣ್ಣಿನ ಭಯ ಮನೆ ಬಿಟ್ಟು ಹೊರಡು ಎನ್ನುತ್ತಿತ್ತು, ಜ್ವರದ ಭಯ ಹೊಸ್ತಿಲು ದಾಟಬೇಡ ಎನ್ನುತ್ತಿತ್ತು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಕಡೆಯ ಗುಡ್ಡಗಳು ಜಾರಿದಾಗ ಮೊದಲನೆಯದು ಹತ್ತಿಕೊಂಡಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯುವ ಹೊತ್ತಿಗೆ ಕೊರೋನಾವೂ ಇದ್ದುದರಿಂದ, ಸಂತ್ರಸ್ತರನ್ನು ಇರಿಸುವ ಕಾಳಜಿ ಕೇಂದ್ರಕ್ಕೆ ಹೋದರೆ ಸೋಂಕು, ಹೋಗದಿದ್ದರೆ ಮಣ್ಣು ಎಂಬ ಇಕ್ಕಟ್ಟಿನಲ್ಲಿ ಆಸ್ತಮಾ ಇರುವ ಅತ್ತೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆದೆ. ನಮ್ಮ ಮನೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯ ಬದಿಯ ಇಳಿಜಾರಿನಲ್ಲಿದೆ. ಹಿಂದೆ ಬರೆ, ಮುಂದೆ ತೋಡು, ಅಂದರೆ ಸಣ್ಣ ಹಳ್ಳ.

ವಿಫಲವಾದವುಗಳನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚು ಹಣ ಹೋದದ್ದು ಅಲ್ಲಿಯೇ. ಒಂದು ಮಳೆಗಾಲ ಪೂರ್ತಿ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದೆವು. ತಿಂಗಳಿಗೆ ಸುಮಾರು ಒಂಬತ್ತು ಸಾವಿರದಂತೆ ನಾಲ್ಕು ತಿಂಗಳು, ಅದರ ಮೇಲೆ ಮುಂಗಡ ಮತ್ತು ಸಾಗಾಟ. ಅಲ್ಲಿ ಬರೆ ಇರಲಿಲ್ಲ ನಿಜ, ಆದರೆ ಪಕ್ಕದ ಬೀದಿಯಲ್ಲಿ ಡೆಂಗಿ ಎಂದು ಕೇಳಿದ ದಿನದಿಂದ ಎರಡನೆಯ ಭಯ ಇಮ್ಮಡಿಯಾಯಿತು. ಇತ್ತ ತೋಟದಲ್ಲಿ ನಿಂತ ನೀರನ್ನು ಹರಿಯಬಿಡುವವರಿಲ್ಲದೆ ಕಾಫಿಗೆ ಕೊಳೆರೋಗ ತಗುಲಿ, ಬಾಡಿಗೆಗಿಂತ ಹೆಚ್ಚಿನ ನಷ್ಟವಾಯಿತು. ರಕ್ತ ಪರೀಕ್ಷೆಗಳಿಗೆ ಎರಡು ವರ್ಷಗಳಲ್ಲಿ ಇಪ್ಪತ್ತೈದು ಸಾವಿರದ ಹತ್ತಿರ ಖರ್ಚಾಗಿರಬೇಕು. ಪ್ರತಿ ವರದಿಯೂ ಮೂರು ನಾಲ್ಕು ದಿನದ ನೆಮ್ಮದಿ ಕೊಡುತ್ತಿತ್ತು, ಅಷ್ಟೇ. ಉಸಿರು ಎಣಿಸುವ ಅಭ್ಯಾಸ ಬಹಳ ಜನರಿಗೆ ಹಿಡಿಸುತ್ತದೆ. ಆದರೆ ಕೊರೋನಾ ವರ್ಷದಲ್ಲಿ ಉಸಿರನ್ನು ಗಮನಿಸು ಎಂದರೆ ನನಗೆ ಆಕ್ಸಿಮೀಟರ್ ಕೈಗೆ ಕೊಟ್ಟಂತೆಯೇ ಆಗುತ್ತಿತ್ತು.

ಫಲಿಸಿದ ಕ್ರಮ ಇದು. ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆ ಬರುವ ಮುನ್ನ, ಬಿಸಿಲಿನ ದಿನವೊಂದರಲ್ಲಿ ಒಂದೇ ಹಾಳೆಯ ಮೇಲೆ ಎಲ್ಲ ತೀರ್ಮಾನಗಳನ್ನೂ ಬರೆದಿಡುತ್ತೇನೆ, ಮಳೆಗಾಲದಲ್ಲಿ ಹೊಸ ತೀರ್ಮಾನ ಮಾಡುವುದಿಲ್ಲ. ಎಡಗಡೆ ಮಣ್ಣು, ಬಲಗಡೆ ಜ್ವರ, ಎರಡರ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು: ಎರಡೂ ಒಟ್ಟಿಗೆ ಬಂದರೆ ಮಣ್ಣು ಮೊದಲು. ಜ್ವರ ಸಾಮಾನ್ಯವಾಗಿ ಯೋಚಿಸಲು ಒಂದು ದಿನವನ್ನಾದರೂ ಕೊಡುತ್ತದೆ, ಜಾರುವ ಗುಡ್ಡ ಕೊಡುವುದಿಲ್ಲ. ಈ ಸಾಲನ್ನು ಕಂಡುಕೊಳ್ಳಲು ನನಗೆ ಎರಡು ಮೂರು ವರ್ಷ ಹಿಡಿಯಿತು, ಮತ್ತು ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆಯೇ.

ಎಡಗಡೆಯ ಅಂಕಿಗಳು ನಮ್ಮ ಮಳೆಮಾಪಕದವು. ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟು ಇಂಚು, ಅಂದರೆ ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆ ಎನ್ನುವ 204.5 ಮಿಲಿಮೀಟರಿನ ಆಸುಪಾಸು, ಅಥವಾ ಮೂರು ದಿನ ಸೇರಿ ಹದಿನೈದು ಇಂಚು ದಾಟಿದರೆ ಸಾಮಾನು ಕಟ್ಟುವುದು. ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಕಡಿಮೆಯಾದರೆ, ಬರೆಯ ಬಿರುಕು ಅಗಲವಾದರೆ, ಅಂಕಿ ನೋಡದೆ ಹೊರಡುವುದು. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ಟೇಪಿನಲ್ಲಿ ಅಳೆಯುತ್ತೇನೆ. ಅಂಕಿಗಳನ್ನು ಯಾರೂ ಹಾಗೆಯೇ ನಕಲು ಮಾಡಿಕೊಳ್ಳಬಾರದು, ನಿಮ್ಮ ಇಳಿಜಾರು ಬೇರೆ, ಮಣ್ಣು ಬೇರೆ. ಮಾಪಕ ನೋಡುವುದು ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ. ಕೆಂಪು ಎಚ್ಚರಿಕೆಯ ದಿನ ಮಲಗುವ ಮುನ್ನ ಇನ್ನೊಮ್ಮೆ.

ಬಲಗಡೆಯ ಸಾಲುಗಳು ನಮ್ಮ ವೈದ್ಯರು ಒಪ್ಪಿದವು. ಥರ್ಮಾಮೀಟರು 100.4 ಡಿಗ್ರಿ ಫ್ಯಾರನ್‌ಹೀಟ್ ದಾಟದೆ ರಕ್ತ ಪರೀಕ್ಷೆ ಇಲ್ಲ. ಕೆಸರಿನಲ್ಲಿ ಕೆಲಸ ಮಾಡಿದ ಎರಡು ಮೂರು ವಾರದೊಳಗೆ ಜ್ವರ ಬಂದರೆ ಇಲಿ ಜ್ವರದ ಸಂಶಯವನ್ನು ಆ ದಿನವೇ ವೈದ್ಯರಿಗೆ ಹೇಳುವುದು. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಉಸಿರಾಟದ ತೊಂದರೆ ಕಂಡರೆ ಜ್ವರ ಇಳಿದಿದ್ದರೂ ಕಾಯುವುದಿಲ್ಲ, ಏಕೆಂದರೆ ಡೆಂಗಿ ಜ್ವರ ಇಳಿಯುವ ಹೊತ್ತಿನಲ್ಲೇ ಅಪಾಯ ಹೆಚ್ಚು. ಚೀಲದಲ್ಲಿ ಅತ್ತೆಯ ಇನ್ಹೇಲರ್, ಮಾಸ್ಕು, ಒಂದು ತಿಂಗಳ ಮಾತ್ರೆ ಯಾವಾಗಲೂ ಇರುತ್ತವೆ; ಕಾಳಜಿ ಕೇಂದ್ರದ ಸೋಂಕಿಗೆ ನಾನು ಕೊಟ್ಟುಕೊಂಡ ಉತ್ತರ ಅದು.

ನನಗೆ ಹೆಚ್ಚು ಹೆಮ್ಮೆ ಇರುವುದು ಒಂದು ಸಣ್ಣ ಪ್ರಯೋಗದ ಬಗ್ಗೆ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯದ ಕಡೆ ನೆಲ ನಡುಗಿದ ಮೇಲೆ, ಮಲಗಿದಾಗಲೆಲ್ಲ ಮಂಚ ಅದುರಿದಂತೆ ಅನಿಸುತ್ತಿತ್ತು. ನೆಲವೋ ಎದೆಯೋ ತಿಳಿಯುತ್ತಿರಲಿಲ್ಲ: ನೆಲವೆಂದುಕೊಂಡರೆ ಎದೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತಿತ್ತು, ಆಗ ಹೃದಯದ ಕಾಯಿಲೆಯ ಭಯ ಎದ್ದು ಕೂರುತ್ತಿತ್ತು. ಇಸಿಜಿ ತೆಗೆಸಿ ಹೃದಯ ಸರಿಯಿದೆ ಎಂದು ಖಚಿತವಾದ ನಂತರ, ಮಾಡಿನ ತೊಲೆಯಿಂದ ದಾರದಲ್ಲಿ ಒಂದು ನಟ್ಟನ್ನು ಇಳಿಬಿಟ್ಟು, ಟಾರ್ಚು ಪಕ್ಕದಲ್ಲಿಟ್ಟುಕೊಂಡೆ. ನಟ್ಟು ಅಲುಗಾಡದಿದ್ದರೆ ಎದೆ. ಅದು ನನಗಾಗಿ ಒಮ್ಮೆಯೂ ಅಲುಗಾಡಲಿಲ್ಲ; ಕೆಲವು ವಾರಗಳಲ್ಲಿ ಟಾರ್ಚು ಹಾಕುವುದೇ ನಿಂತಿತು. ದಾರದ ಉದ್ದ ಮತ್ತು ನಟ್ಟಿನ ತೂಕವನ್ನು ಇಲ್ಲಿ ಬರೆಯುವುದಿಲ್ಲ, ಹಲವು ರಾತ್ರಿ ಕಷ್ಟಪಟ್ಟು ಹೊಂದಿಸಿದ್ದು ಅದು.

ತಗಡಿನ ಮೇಲೆ ಸುರಿಯುವ ಮಳೆಯ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟು ಮಾರ್ಚ್ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆ ಕೇಳಿದ್ದೂ ಉಪಯೋಗಕ್ಕೆ ಬಂತು. ಮೊದಲ ವಾರ ಅಂಗೈ ಬೆವರುತ್ತಿತ್ತು, ಮೂರನೆಯ ವಾರದಲ್ಲಿ ಅದನ್ನು ಕೇಳುತ್ತಲೇ ಕಾಳುಮೆಣಸು ಕೇರಿದೆ. ಮಲಗುವ ಮುನ್ನ ಜೇನು ಬೆರೆಸಿದ ಕಷಾಯ ಕುಡಿದು ನೋಡಿದ್ದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಮನೆಗೆ ಭಾರತ್ ಗೃಹ ರಕ್ಷಾ ವಿಮೆ ಮಾಡಿಸಿದ್ದರಿಂದ ನಿದ್ದೆ ಬರಲಿಲ್ಲವಾದರೂ, ಭೂಕುಸಿತವೂ ಅದರಲ್ಲಿ ಸೇರಿರುವುದರಿಂದ ಹೊರಡುವಾಗ ಮನೆಯ ಕಡೆ ತಿರುಗಿ ನೋಡುವ ಸಂಕಟ ಕಡಿಮೆಯಾಯಿತು.

ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ದಿನ ಮಾವ, "ಮಳೆ ನಿನ್ನ ಚೀಟಿ ಓದಿಕೊಂಡು ಬರುತ್ತದೆಯೇನಮ್ಮಾ?" ಎಂದಿದ್ದರು. ನಾದಿನಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡು ಎಂದಳು. ಕರೆ ಮಾಡಿದೆ, ಒಳ್ಳೆಯ ಮಾತು ಸಿಕ್ಕಿತು. ದಿನಕ್ಕೆಷ್ಟು ಬಾರಿ ಮಾಪಕ ನೋಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡದ್ದು ಆ ಮಾತುಕತೆಯ ನಂತರವೇ.

ಪರೀಕ್ಷೆ ಬಂದದ್ದು 2024ರಲ್ಲಿ. ರಾಜ್ಯದಲ್ಲಿ ಡೆಂಗಿ ಏರುತ್ತಿದ್ದ ಜುಲೈನಲ್ಲೇ, 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿಹೋದವು. ಅದೇ ವಾರ ಅತ್ತೆಗೆ ಜ್ವರ. ನಮ್ಮ ಮೂರು ದಿನದ ಮಳೆ ಹನ್ನೊಂದು ಇಂಚಿನ ಹತ್ತಿರವಿತ್ತು, ಗೂಟಗಳ ಅಂತರ ಬದಲಾಗಿರಲಿಲ್ಲ, ಥರ್ಮಾಮೀಟರು 101 ತೋರಿಸುತ್ತಿತ್ತು. ಆದ್ದರಿಂದ ಮನೆ ಬಿಡಲಿಲ್ಲ, ಬೆಳಿಗ್ಗೆ ಮಡಿಕೇರಿಗೆ ಹೋಗಿ ಪರೀಕ್ಷೆ ಮಾಡಿಸಿದೆವು. ಸಾಧಾರಣ ಜ್ವರವೆಂದು ತಿಳಿಯಿತು. ಆ ರಾತ್ರಿ ಐದು ಗಂಟೆಯಾದರೂ ನಿದ್ದೆ ಮಾಡಿದ್ದೇನೆ. ಮರುವರ್ಷ ಹಾಳೆಯ ಎಡಗಡೆಗೆ ಹೊಸ ಗೂಟಗಳ ಅಳತೆ ಸೇರಿಸಿದವರು ಮಾವನೇ.