ಒಬ್ಬರು ಮೊದಲು, ಇನ್ನೊಬ್ಬರು ಆಮೇಲೆ: ಕೆನಡಾಗೆ ಬರುವ ಗಂಡ-ಹೆಂಡತಿಯರಿಗೆ

ನಾನಿರುವುದು ಕೆನಡಾದ ಒಂಟಾರಿಯೋ ಪ್ರಾಂತ್ಯದ ಮಿಸಿಸಾಗಾದಲ್ಲಿ. ಮಾರ್ಚ್ ಬಂತೆಂದರೆ ಇಲ್ಲಿನ ಉಚಿತ ತೆರಿಗೆ ಶಿಬಿರದಲ್ಲಿ ಕೂತು ಹೊಸದಾಗಿ ಬಂದವರ ರಿಟರ್ನ್ ತುಂಬಿಕೊಡುತ್ತೇನೆ. ನಮ್ಮ ಕಡೆಯ ಜೋಡಿಗಳಲ್ಲಿ ಎಷ್ಟೋ ಜನ ಒಟ್ಟಿಗೆ ಬಂದಿರುವುದಿಲ್ಲ. ಒಬ್ಬರು ಬಂದು ಕೆಲಸ ಹಿಡಿಯುತ್ತಾರೆ. ಇನ್ನೊಬ್ಬರು ನೋಟಿಸ್ ಪೀರಿಯಡ್, ಮಗುವಿನ ಪರೀಕ್ಷೆ, ಅತ್ತೆಯ ಮಂಡಿ ಆಪರೇಷನ್ ಎಲ್ಲ ಮುಗಿಸಿಕೊಂಡು ಬರುತ್ತಾರೆ. ಹಾಗೆ ಬರಬಹುದು, ತೊಂದರೆಯಿಲ್ಲ. ಆದರೆ ಯಾವುದು ಒಬ್ಬೊಬ್ಬರ ಲೆಕ್ಕ, ಯಾವುದು ಇಬ್ಬರನ್ನೂ ಸೇರಿಸಿ ಹಾಕುವ ಲೆಕ್ಕ ಅನ್ನುವುದು ಹೊರಡುವ ಮುಂಚೆ ಗೊತ್ತಿರಲಿ.

ಮೊದಲು ಪಿಆರ್ (ಕಾಯಂ ನಿವಾಸ) ಅರ್ಜಿ ತೆಗೆದು ಮುಖ್ಯ ಅರ್ಜಿದಾರರು ಯಾರು ನೋಡಿ. ಅವರೇ ಮೊದಲು ಇಳಿಯಬೇಕು, ಇಲ್ಲವೇ ಇಬ್ಬರೂ ಜೊತೆಗೆ ಇಳಿಯಬೇಕು. ಹೆಂಡತಿ ಮುಖ್ಯ ಅರ್ಜಿದಾರರಾಗಿ ಪಿಆರ್ ಬಂದಿದ್ದರೆ, ಗಂಡ ಮುಂಚೆ ಬಂದು ಮನೆ ಹುಡುಕುತ್ತೇನೆ ಅನ್ನುವ ಹಾಗಿಲ್ಲ. ಹಿಂದೆ ಉಳಿದವರೂ ತಮ್ಮ ಪಿಆರ್ ಮಂಜೂರಾಗಿದೆ ಅನ್ನುವ ಕನ್ಫರ್ಮೇಶನ್ ಪತ್ರದ ಗಡುವಿನೊಳಗೆ ಬರಲೇಬೇಕು. ಸದ್ಯಕ್ಕೆ ಬರುವುದಿಲ್ಲ ಅಂತ ಸಂಗಾತಿಯ ಹೆಸರನ್ನೇ ಅರ್ಜಿಯಿಂದ ಬಿಟ್ಟರೆ, ಮುಂದೆ ಅವರನ್ನು ಸ್ಪಾನ್ಸರ್ ಮಾಡುವ ದಾರಿಯೇ ಮುಚ್ಚಿಹೋಗಬಹುದು.

ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ, ಪೌರತ್ವಕ್ಕೆ 1,095 ದಿನ ಇಲ್ಲಿರಬೇಕು. ಇದು ಒಬ್ಬೊಬ್ಬರ ಲೆಕ್ಕ. ಗಂಡ ಇಲ್ಲಿ ಕಳೆದ ದಿನಗಳು ಹೆಂಡತಿಯ ಖಾತೆಗೆ ಸೇರುವುದಿಲ್ಲ. ಸರ್ಕಾರಿ ಆರೋಗ್ಯ ವಿಮೆಯ ಹೆಲ್ತ್ ಕಾರ್ಡೂ ಹಾಗೆಯೇ, ಅವರವರು ಬಂದ ಮೇಲೆಯೇ. ಒಂಟಾರಿಯೋದಲ್ಲಿ ಮೂರು ತಿಂಗಳು ಕಾಯುವ ನಿಯಮ 2020ರಲ್ಲಿ ಹೋಯಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳು ಮುಗಿದು ಇನ್ನೆರಡು ತಿಂಗಳು ಕಾಯಬೇಕು. ಅಲ್ಲಿಗೆ ಹೋಗುವವರು ಅಷ್ಟು ದಿನಕ್ಕೆ ಖಾಸಗಿ ವಿಮೆ ಮಾಡಿಸಿ.

ಇನ್ನು ಒಡವೆ. ವಲಸೆ ಬರುವವರು ಮೊದಲೇ ಬಳಸುತ್ತಿದ್ದ ಸ್ವಂತ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಅದಕ್ಕೆ ಕಸ್ಟಮ್ಸ್‌ನವರ ಬಿಎಸ್‌ಎಫ್186 ಫಾರ್ಮ್. ಜೊತೆಗೆ ತಂದಿರುವುದರದ್ದು ಒಂದು ಪಟ್ಟಿ, ಆಮೇಲೆ ಬರುವುದರದ್ದು ಇನ್ನೊಂದು. ಎರಡನೇ ಪಟ್ಟಿಯನ್ನು ಮೊದಲ ಸಲ ಇಳಿದಾಗಲೇ ಕೊಡಬೇಕು. ಹೆಂಡತಿ ಒಂದು ವಾರಕ್ಕೆ ಬಂದು ಪಿಆರ್ ಮಾಡಿಸಿಕೊಂಡು ವಾಪಸ್ ಹೋಗುವವರಿದ್ದರೆ, ಲಾಕರ್‌ನಲ್ಲಿರುವ ಸರ, ಬಳೆ, ಜುಮುಕಿ ಎಲ್ಲ ಆ ಪಟ್ಟಿಯಲ್ಲಿರಲಿ. ಸುಮ್ನೆ ‘ಚಿನ್ನದ ಒಡವೆ’ ಅಂತ ಬರೆದರೆ ಸಾಲದು. ‘ಮಾಂಗಲ್ಯ ಸರ, 22 ಕ್ಯಾರೆಟ್, ಎರಡೆಳೆ, ಇಷ್ಟು ಗ್ರಾಂ’ ಅಂತ ಬಿಡಿಸಿ ಬರೆದು, ಒಂದೊಂದಕ್ಕೂ ಫೋಟೊ ಇಡಿ. ಅಕ್ಕಸಾಲಿಗರ ಹತ್ತಿರ ಬೆಲೆಪಟ್ಟಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಒಂದೇ ವಸ್ತುವಿನ ಬೆಲೆ 10,000 ಡಾಲರ್ ದಾಟಿದರೆ ದಾಟಿದಷ್ಟಕ್ಕೆ ಸುಂಕ ಬೀಳುತ್ತದೆ.

ಇಬ್ಬರ ಲೆಕ್ಕವೂ ಒಂದಾಗುವುದು ಮಕ್ಕಳ ಭತ್ಯೆಯಲ್ಲಿ, ಅಂದರೆ ಸಿಸಿಬಿಯಲ್ಲಿ. ಜುಲೈ 2025ರಿಂದ ಜೂನ್ 2026ರ ಅವಧಿಗೆ 6 ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 7,997 ಡಾಲರ್, 6ರಿಂದ 17ರವರಿಗೆ 6,748. ಕುಟುಂಬದ ಆದಾಯ ಏರಿದ ಹಾಗೆ ಇದು ಇಳಿಯುತ್ತದೆ. ಮಗು ಇಲ್ಲಿ ನಿಮ್ಮ ಜೊತೆ ವಾಸವಿರಬೇಕು. ಅಪ್ಪ ಒಬ್ಬರೇ ಬಂದು ಮಗು ಹಾಸನದಲ್ಲೇ ಇದ್ದರೆ ಏನೂ ಸಿಗುವುದಿಲ್ಲ. ಮಗು, ತಾಯಿ ಇಬ್ಬರೂ ಬಂದ ಮೇಲೆ ತಾಯಿಯ ಹೆಸರಲ್ಲಿ ಭತ್ಯೆಯ ಅರ್ಜಿ ಆರ್‌ಸಿ66 ಹಾಕಿ, ಜೊತೆಗೆ ಹೊಸದಾಗಿ ಬಂದವರು ತುಂಬುವ ಆರ್‌ಸಿ66ಎಸ್‌ಸಿಎಚ್. ಬರುವ ಮುಂಚಿನ ಆದಾಯವನ್ನೂ ಕೇಳುತ್ತಾರೆ, ಇಬ್ಬರದ್ದೂ.

ಶಿಬಿರದಲ್ಲಿ ಜಾಸ್ತಿ ವಾದ ನಡೆಯುವುದು ಇಲ್ಲೇ. ‘ಮೇಡಂ, ಅವರಿನ್ನೂ ಬೆಂಗಳೂರಲ್ಲೇ ಇದ್ದಾರೆ, ಸಪರೇಟೆಡ್ ಅಂತ ಹಾಕಿಬಿಡಿ’ ಅನ್ನುತ್ತಾರೆ. ನಾನು ಹಾಕುವುದಿಲ್ಲ. ಸಂಬಂಧ ಮುರಿದು ಕನಿಷ್ಠ 90 ದಿನ ಬೇರೆ ಇದ್ದವರಿಗೆ ಆ ಖಾನೆ. ಕೆಲಸಕ್ಕೋ ವೀಸಾಕ್ಕೋ ದೂರ ಇರುವವರು ತೆರಿಗೆಯ ಲೆಕ್ಕದಲ್ಲೂ ಮದುವೆಯಾದವರೇ. ಊರಲ್ಲಿರುವ ಸಂಗಾತಿಯ ಸಂಬಳವನ್ನು ಡಾಲರಿಗೆ ಬದಲಿಸಿ ಬರೆಯಬೇಕು. ಅವರು ವರ್ಷಗಟ್ಟಲೆ ಅಲ್ಲೇ ಇರುವುದಾದರೆ ಅವರ ಆದಾಯ ತಿಳಿಸುವ ಸಿಟಿಬಿ9 ಫಾರ್ಮ್ ಪ್ರತಿ ವರ್ಷ ಕೊಡಬೇಕು. ಮುಚ್ಚಿಟ್ಟರೆ ಭತ್ಯೆ ಜಾಸ್ತಿ ಬರುತ್ತದೆ ನಿಜ. ಗೊತ್ತಾದ ದಿನ ಅಷ್ಟನ್ನೂ ವಾಪಸ್ ಕೇಳುತ್ತಾರೆ, ಅಷ್ಟೊತ್ತಿಗೆ ಅದು ಡೇಕೇರ್‌ಗೆ ಖರ್ಚಾಗಿರುತ್ತದೆ, ಅಲ್ವಾ?

ಡಿಸೆಂಬರಿಗೋ ಜನವರಿಗೋ ಅಂತ ಟಿಕೆಟ್ ನೋಡುತ್ತಿರುವವರಿಗೆ ಒಂದು ಮಾತು. ಟಿಎಫ್‌ಎಸ್‌ಎ, ಅಂದರೆ ಲಾಭಕ್ಕೆ ತೆರಿಗೆ ಬೀಳದ ಉಳಿತಾಯ ಖಾತೆಯ ಮಿತಿ 2025ಕ್ಕೆ 7,000 ಡಾಲರ್ ಇತ್ತು. ತೆರಿಗೆಯ ಪ್ರಕಾರ ನಿವಾಸಿಯಾದ ವರ್ಷಕ್ಕೆ ಪೂರ್ತಿ ಮಿತಿ ಸಿಗುತ್ತದೆ, ವರ್ಷದ ಕೊನೆಯ ವಾರ ಬಂದು ನೆಲೆಸಿದರೂ ಸರಿ. ಆದರೆ ಪಿಆರ್ ಮಾಡಿಸಿಕೊಂಡು ವಾಪಸ್ ಹೋದವರು ಯಾವ ದಿನದಿಂದ ನಿವಾಸಿ ಅನ್ನುವುದು ಗೋಜಲಿನ ವಿಷಯ. ಗಂಡ ಇಲ್ಲಿ ಮನೆ ಮಾಡಿಕೊಂಡಿದ್ದರೆ ಹೆಂಡತಿಯ ಬೆಂಗಳೂರಿನ ಸಂಬಳಕ್ಕೂ ಇಲ್ಲಿ ತೆರಿಗೆಯ ಪ್ರಶ್ನೆ ಏಳಬಹುದು. ಈ ಒಂದು ವಿಷಯಕ್ಕೆ ದುಡ್ಡು ಕೊಟ್ಟು ಅಕೌಂಟೆಂಟನ್ನು ಕೇಳಿ. ಉಳಿದದ್ದನ್ನು ನೀವೇ ಮಾಡಬಹುದು.

ಆ ದಿನಾಂಕ ಇನ್ನೊಂದು ಕಡೆಯೂ ಬೇಕಾಗುತ್ತದೆ. ನಿವಾಸಿಯಾದ ದಿನ ನಿಮ್ಮ ಷೇರು, ಮ್ಯೂಚುವಲ್ ಫಂಡ್, ಊರಿನ ಸೈಟಿಗೆ ಇದ್ದ ಮಾರುಕಟ್ಟೆ ಬೆಲೆಯನ್ನೇ ಕೆನಡಾ ಖರೀದಿ ಬೆಲೆ ಅಂತ ಹಿಡಿಯುತ್ತದೆ. ಮುಂದೆ ಮಾರಿದಾಗ ಅಲ್ಲಿಂದಾಚೆಗಿನ ಲಾಭಕ್ಕಷ್ಟೇ ಇಲ್ಲಿ ತೆರಿಗೆ. ಇಬ್ಬರೂ ಬೇರೆ ಬೇರೆ ದಿನ ಬಂದಿದ್ದರೆ ಜಂಟಿ ಸೈಟಿಗೂ ಎರಡು ದಿನದ ಎರಡು ಬೆಲೆ. ಮೌಲ್ಯಮಾಪಕರ ಪತ್ರವನ್ನು ಊರಲ್ಲಿದ್ದಾಗಲೇ ಮಾಡಿಸಿ, ಹಿಂದೆ ಉಳಿದವರು ಹೊರಡುವ ಮುಂಚೆ ಇನ್ನೊಮ್ಮೆ ಮಾಡಿಸಿಕೊಂಡು ಬರಲಿ.