ವಿದೇಶಿ ಯೂನಿವರ್ಸಿಟಿಯ ಮಲೇಷ್ಯಾ ಕ್ಯಾಂಪಸ್ಸಿಗೆ ಹೊರಟವರಿಗೆ

ನಮ್ಮ ಚಿಕ್ಕಪ್ಪನ ಮಗಳು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಹೋಗುತ್ತಾಳೆ. ಹೋದ ವಾರ ಒಂದು ಬ್ರೋಶರ್ ಹಿಡಿದು ಮನೆಗೆ ಬಂದಳು. "ಅಕ್ಕಾ, ಯೂನಿವರ್ಸಿಟಿ ಇಂಗ್ಲೆಂಡಿಂದು, ಕಲಿಯೂದು ಮಲೇಷ್ಯಾದಾಗ. ನೀನೂ ಹಂಗ ಕಲ್ತೀಯಲ್ಲ, ನಾ ಹೋಗ್ಲೇನು?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದು ಯೂನಿವರ್ಸಿಟಿಯ ಸ್ವಂತ ಕ್ಯಾಂಪಸ್ಸೋ, ಟೈ-ಅಪ್ ಕಾಲೇಜೋ ನೋಡಿ. ಆಸ್ಟ್ರೇಲಿಯಾದ ಮೊನಾಶ್ 1998ರಲ್ಲಿ, ಬ್ರಿಟನ್ನಿನ ನಾಟಿಂಗ್‌ಹ್ಯಾಮ್ 2000ದಲ್ಲಿ ಮಲೇಷ್ಯಾದಲ್ಲಿ ಸ್ವಂತ ಕ್ಯಾಂಪಸ್ ತೆರೆದವು. ನಮ್ಮ ಐಐಟಿ ಮದ್ರಾಸ್ ಕೂಡ 2023ರಲ್ಲಿ ಆಫ್ರಿಕಾದ ಟಾಂಜಾನಿಯಾಕ್ಕೆ ಸೇರಿದ ಜಾಂಜಿಬಾರ್‌ನಲ್ಲಿ ಹೀಗೇ ಸ್ವಂತ ಕ್ಯಾಂಪಸ್ ಶುರು ಮಾಡಿದೆ. ಫ್ರಾಂಚೈಸಿ ಕೋರ್ಸುಗಳ, ಅಂದರೆ ಯೂನಿವರ್ಸಿಟಿ ಹೆಸರಲ್ಲಿ ಬೇರೆ ಕಾಲೇಜು ನಡೆಸುವ ಕೋರ್ಸುಗಳ ಕಥೆ ಬೇರೆ. ಯುಜಿಸಿಯ 2025ರ ನಿಯಮದ ಪ್ರಕಾರ ಅಂಥ ಡಿಗ್ರಿಗೆ ಇಲ್ಲಿನ ಡಿಗ್ರಿಗೆ ಸಮ ಅನ್ನುವ ಮಾನ್ಯತೆ ಸಿಗುವುದಿಲ್ಲ. ಜೊತೆಗೆ, ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಲೇಷ್ಯಾದ ಸರ್ಕಾರಿ ಸಂಸ್ಥೆ ಎಂಕ್ಯೂಎಯ ಪಟ್ಟಿಯಲ್ಲಿ ನಿಮ್ಮ ಕೋರ್ಸ್ ಇದೆಯಾ ಹುಡುಕಿ. ಯೂನಿವರ್ಸಿಟಿ ಹೆಸರು ಸಿಕ್ಕರೆ ಸಾಲದು, ಕೋರ್ಸಿನ ಹೆಸರೇ ಸಿಗಬೇಕು.

ಇನ್ನು ಎಲ್ಲರಿಗೂ ಆಸೆ ಹುಟ್ಟಿಸುವ ಮಾತು: ಒಂದು ಸೆಮಿಸ್ಟರ್ ಮೇನ್ ಕ್ಯಾಂಪಸ್ಸಿನಲ್ಲಿ ಓದಬಹುದು. ನಾನೂ ಎರಡನೇ ವರ್ಷ ಇಂಗ್ಲೆಂಡಿಗೆ ಹೋದೆ. ಟ್ಯೂಷನ್ ಫೀ ಮಲೇಷ್ಯಾದ್ದೇ ಕಟ್ಟಿದೆ. ಆದರೆ ರೂಮು, ಊಟ, ಬಸ್ಸು, ವೀಸಾ ಎಲ್ಲ ಪೌಂಡಿನಲ್ಲಿ. ಅಪ್ಪ ಮನೆ ಮೇಲಿನ ಅಟ್ಟಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡು ಅದಕ್ಕೇ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಒಂದು ಪೇಪರಿನಿಂದ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಅಲ್ಲಿ ಬೇರೆ ಹೆಸರಲ್ಲಿತ್ತು. "ಎರಡೂ ಒಂದೇ, ನಡೆಯುತ್ತೆ" ಅಂತ ಸರ್ ಬಾಯಲ್ಲಿ ಹೇಳಿದರು, ನಾನು ನಂಬಿದೆ. ವಾಪಸ್ ಬಂದ ಮೇಲೆ ಅದು ಲೆಕ್ಕಕ್ಕೇ ಬರಲಿಲ್ಲ. ಕೊನೆಯ ವರ್ಷ ಪ್ರಾಜೆಕ್ಟಿನ ಜೊತೆ ಆ ಪೇಪರನ್ನೂ ಮತ್ತೆ ಬರೆದೆ. ಅದಕ್ಕೇ ಹೇಳ್ತೀನಿ, ಇಲ್ಲಿನ ಯಾವ ಪೇಪರಿಗೆ ಅಲ್ಲಿನ ಯಾವುದು ಸಮ ಅನ್ನೋದನ್ನು ಒಂದೊಂದಾಗಿ ಮೇಲ್‌ನಲ್ಲಿ ಬರೆಸಿಕೊಳ್ಳಿ. ವೀಸಾ ಫೀ ಕಟ್ಟುವುದು ಆಮೇಲೆ.

ಮಲೇಷ್ಯಾದ ಸ್ಟೂಡೆಂಟ್ ಪಾಸ್, ಅಂದರೆ ಅಲ್ಲಿದ್ದು ಓದುವ ಪರವಾನಗಿ, ಇಎಂಜಿಎಸ್ ಅನ್ನುವ ಅಲ್ಲಿನ ಸಂಸ್ಥೆಯ ಮೂಲಕ ಆಗುತ್ತದೆ. ಅವರ ಒಪ್ಪಿಗೆ ಪತ್ರ ಕೈಗೆ ಬರುವ ತನಕ ಟಿಕೆಟ್ ಬುಕ್ ಮಾಡಬೇಡಿ. ಇಳಿದ ಏಳು ದಿನದೊಳಗೆ ಮೆಡಿಕಲ್ ಮಾಡಿಸಬೇಕು. ಪಾರ್ಟ್‌ಟೈಮ್ ದುಡಿದು ಖರ್ಚು ನೋಡಿಕೊಳ್ತೀನಿ ಅಂತ ಅಪ್ಪ-ಅವ್ವನಿಗೆ ದಯವಿಟ್ಟು ಮಾತು ಕೊಡಬೇಡಿ. ಏಳು ದಿನಕ್ಕಿಂತ ಹೆಚ್ಚಿನ ರಜೆಯಲ್ಲಿ ಮಾತ್ರ, ಅದೂ ವಾರಕ್ಕೆ 20 ತಾಸು ಕೆಲಸ ಮಾಡಲು ಬಿಡುತ್ತಾರೆ.

ಊಟದ ಚಿಂತೆ ಅಷ್ಟಿಲ್ಲ. ಮಾಮಕ್ ಅಂಗಡಿಗಳಲ್ಲಿ (ತಮಿಳು ಮೂಲದ ಮುಸ್ಲಿಮರ ಹೋಟೆಲುಗಳು) ಪರೋಟದಂಥ ರೋಟಿ ಚನಾಯ್, ದಾಲ್ ಸಿಗುತ್ತವೆ. ಖಡಕ್ ರೊಟ್ಟಿ ಒಯ್ಯುವುದಾದರೆ ಹತ್ತತ್ತರಂತೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ. ನಾನು ಅವ್ವ ಕೊಟ್ಟ ಸ್ಟೀಲ್ ಡಬ್ಬಿಯಲ್ಲೇ ಇಟ್ಟಿದ್ದೆ. ಅಲ್ಲಿನ ಸೆಕೆಗೆ ನಾಲ್ಕೇ ದಿನಕ್ಕೆ ಮೆತ್ತಗಾಗಿ, ಮುರಿದರೆ ಸಪ್ಪಳವೇ ಬರಲಿಲ್ಲ. ಬಾಣಲೆಯಲ್ಲಿ ಬಿಸಿ ಮಾಡಿ ಶೇಂಗಾ ಚಟ್ನಿ ಹಚ್ಚಿ ತಿಂದೆ. ರೂಮ್‌ಮೇಟ್ ಚಟ್ನಿಪುಡಿಯನ್ನು ಅನ್ನಕ್ಕೂ ಕಲಸಿಕೊಂಡಳು, ಎರಡು ಪಾಕೀಟು ಒಯ್ಯಿರಿ.

ಕಡೆಗೆ, ಏಜೆಂಟರನ್ನಲ್ಲ, ಈಗ ಅಲ್ಲೇ ಓದುತ್ತಿರುವವರನ್ನು ಕೇಳಿ. ನಿಮ್ಮದೇ ಕೋರ್ಸಿನವರು ಬೇಕು. ಅವರ ಕ್ಲಾಸಿನಿಂದ ಹೋದ ವರ್ಷ ಎಷ್ಟು ಜನ ಮೇನ್ ಕ್ಯಾಂಪಸ್ಸಿಗೆ ಹೋದರು, ಯಾವ ಪೇಪರ್ ಬಿಟ್ಟುಹೋಯಿತು ಅಂತ ಕೇಳಿ. ಫೋನ್ ಮಾಡುವಾಗ ನೆನಪಿರಲಿ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ತಂಗಿ ನಿನ್ನೆ ಸಂಜೆ ಆರಕ್ಕೇ ಒಬ್ಬಳ ಜೊತೆ ಮಾತಾಡಿದಳು.